ಮುಕ್ತ ತಂತ್ರಾಂಶ ಆಧಾರಿತ ಸಿ.ಎನ್.ಸಿ. ಯಂತ್ರ ನಿಯಂತ್ರಣದ ಪ್ರಾತ್ಯಕ್ಷಿಕೆ: ಏರ್ಪಡಿಸುವವರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಸಣ್ಣ ಕೈಗಾರಿಕಾ ಘಟಕಗಳಲ್ಲಿ ಸಿ.ಎನ್.ಸಿ. ಲೇತ್ ಅಥವಾ ಮಿಲ್ಲಿಂಗ್ ಯಂತ್ರವೊಂದು ಕೆಲಸವಿಲ್ಲದೆ ಮೂಲೆ ಸೇರಿರುವುದನ್ನು ಕಾಣಬಹುದು. ಯಂತ್ರದ ಎರಕದ ಕಬ್ಬಿಣದ ದೇಹ, ಬಾಲ್‌ಸ್ಕ್ರೂ ಮತ್ತು ಮೋಟಾರುಗಳು ಇನ್ನೂ ಸುಸ್ಥಿತಿಯಲ್ಲಿರುತ್ತವೆ. ಆದರೆ ಅದನ್ನು ನಡೆಸುವ ನಿಯಂತ್ರಕವು ಕೆಟ್ಟಿರುತ್ತದೆ ಮತ್ತು ಅದರ ಬಿಡಿಭಾಗಗಳ ಪೂರೈಕೆಯನ್ನು ತಯಾರಕರು ಎಂದೋ ನಿಲ್ಲಿಸಿರುತ್ತಾರೆ. ಇಂತಹ ಸಂದರ್ಭದಲ್ಲಿ ಮಾಲೀಕರು ಯಂತ್ರವನ್ನು ಗುಜರಿ ಬೆಲೆಗೆ ಮಾರಬಹುದು, ಹೊಸ ನಿಯಂತ್ರಕವನ್ನು ಖರೀದಿಸಿ ಅಳವಡಿಸಬಹುದು, ಇಲ್ಲವೇ ಸಾಮಾನ್ಯ ಗಣಕಯಂತ್ರವೊಂದರಲ್ಲಿ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ ಅದರ ಮೂಲಕವೇ ಯಂತ್ರವನ್ನು ನಡೆಸಬಹುದು. ಕೊನೆಯ ದಾರಿಯ ಬಗ್ಗೆ ಕೇಳಿದವರು ಹಲವರು. ಕಣ್ಣಾರೆ ಕಂಡವರು ಕಡಿಮೆ. ಕೇಳಿದ ಮಾತನ್ನೇ ನಂಬಿ ಹಣ ತೊಡಗಿಸುವುದು ಹೇಗೆ ತರವಲ್ಲವೋ, ನೋಡದೆಯೇ ಯಂತ್ರವನ್ನು ಗುಜರಿಗೆ ಹಾಕುವುದೂ ಹಾಗೆಯೇ ತರವಲ್ಲ.

ಆದ್ದರಿಂದ ಕೈಗಾರಿಕಾ ಸಂಘಗಳು, ಕೈಗಾರಿಕಾ ತರಬೇತಿ ಸಂಸ್ಥೆಗಳು, ಪಾಲಿಟೆಕ್ನಿಕ್‌ಗಳು ಮತ್ತು ಆಸಕ್ತ ಉದ್ಯಮಿಗಳು ಇಂತಹ ನಿಯಂತ್ರಣ ತಂತ್ರಾಂಶದ ಸಾರ್ವಜನಿಕ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಲು ಮುಂದಾದಲ್ಲಿ ಅವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ಸಹಾಯಧನ ಯೋಜನೆಯ ಘೋಷಣೆಯಲ್ಲ. ಯಾವುದೇ ನಿರ್ದಿಷ್ಟ ತಂತ್ರಾಂಶ ಅಥವಾ ಉಪಕರಣವನ್ನು ಖರೀದಿಸಬೇಕೆಂಬ ಶಿಫಾರಸೂ ಅಲ್ಲ. ಉದಾಹರಣೆಯಾಗಿ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳಲಾಗಿದೆ. ಈ ವರ್ಗದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಹಾಗೂ ವಿವರವಾದ ಕೈಪಿಡಿಗಳು ಉಚಿತವಾಗಿ ದೊರೆಯುವುದು ಇದಕ್ಕೆ ಕಾರಣ.

ತಂತ್ರಾಂಶದ ಹಿನ್ನೆಲೆ

ಈ ತಂತ್ರಾಂಶದ ಮೂಲವು ಅಮೆರಿಕದ ರಾಷ್ಟ್ರೀಯ ಮಾನಕಗಳು ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದೆ. 1990ರ ದಶಕದಲ್ಲಿ ಆ ಸರ್ಕಾರಿ ಸಂಸ್ಥೆಯು ‘ಎನ್‌ಹಾನ್ಸ್ಡ್ ಮೆಷಿನ್ ಕಂಟ್ರೋಲರ್’ ಎಂಬ ಹೆಸರಿನಲ್ಲಿ, ಯಾವ ಒಬ್ಬ ತಯಾರಕರಿಗೂ ಅಧೀನವಲ್ಲದ ನಿಯಂತ್ರಕವೊಂದನ್ನು ರೂಪಿಸಿತು. ಸರ್ಕಾರಿ ಕೃತಿಯಾದ ಕಾರಣ ಅದು ಸಾರ್ವಜನಿಕ ಸ್ವತ್ತಾಗಿತ್ತು. ಅದರ ಆರಂಭದ ಪ್ರಯೋಗಗಳಲ್ಲೊಂದು ನಡೆದದ್ದು ಪ್ರಯೋಗಾಲಯದಲ್ಲಿ ಅಲ್ಲ, ಕಾರ್ಖಾನೆಯಲ್ಲಿ: ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿದ್ದ ಜನರಲ್ ಮೋಟಾರ್ಸ್ ಪವರ್‌ಟ್ರೇನ್ ಘಟಕದಲ್ಲಿ, ಕಿಯರ್ನಿ ಅಂಡ್ ಟ್ರೆಕರ್ ತಯಾರಿಕೆಯ ನಾಲ್ಕು ಅಕ್ಷಗಳ ಯಂತ್ರಕ್ಕೆ ಅದನ್ನು ಅಳವಡಿಸಲಾಗಿತ್ತು. ಬಳಿಕ ಸ್ವಯಂಸೇವಕ ತಂತ್ರಜ್ಞರು ಇದನ್ನು ಮುಂದುವರಿಸಿದರು. 2011ರಲ್ಲಿ ಇಎಂಸಿ ಕಾರ್ಪೊರೇಷನ್ ಎಂಬ ಕಂಪನಿಯು ವ್ಯಾಪಾರ ಚಿಹ್ನೆಯ ಕುರಿತು ಆಕ್ಷೇಪಿಸಿದ ಮೇಲೆ ಹಳೆಯ ಸಂಕ್ಷಿಪ್ತ ಹೆಸರನ್ನು ಬಿಟ್ಟು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರನ್ನು ಇಡಲಾಯಿತು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ, 1962ರಲ್ಲಿ ಇಂದಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸ್ಥಾಪನೆಯಾದಂದಿನಿಂದ ಇಲ್ಲಿ ಯಂತ್ರೋಪಕರಣಗಳೂ ಅವುಗಳನ್ನು ಬಲ್ಲ ಕುಶಲಕರ್ಮಿಗಳೂ ಇದ್ದಾರೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಪ್ರಾತ್ಯಕ್ಷಿಕೆ ನಡೆಸುವವರು ತಮ್ಮ ವೀಕ್ಷಕರು ತಮಗಿಂತ ಹೆಚ್ಚು ವರ್ಷ ಲೋಹ ಕತ್ತರಿಸಿದವರು ಎಂಬುದನ್ನು ನೆನಪಿನಲ್ಲಿಟ್ಟು ಸಿದ್ಧತೆ ಮಾಡಿಕೊಳ್ಳುವುದು ಒಳಿತು.

ಪ್ರಾತ್ಯಕ್ಷಿಕೆಯ ಉದ್ದೇಶ

ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಂಡ ನಂತರವೇ ಉಳಿದ ಸಿದ್ಧತೆಗೆ ತೊಡಗತಕ್ಕದ್ದು. ತಂತ್ರಾಂಶದ ಪರದೆಯನ್ನು ತೋರಿಸುವುದಷ್ಟೇ ಉದ್ದೇಶವಾದರೆ ಯಂತ್ರವೇ ಬೇಕಾಗಿಲ್ಲ. ಲಿನಕ್ಸ್‌ಸಿಎನ್‌ಸಿ ತಂತ್ರಾಂಶದೊಡನೆ ಬರುವ ಅನುಕರಣ ಸಂರಚನೆಯನ್ನು ಯಾವುದೇ ಲ್ಯಾಪ್‌ಟಾಪ್‌ನಲ್ಲಿ ನಡೆಸಿ, ಉಪಕರಣದ ಚಲನೆಯನ್ನು ಪರದೆಯ ಮೇಲೆ ತೋರಿಸಬಹುದು. ವಿದ್ಯಾರ್ಥಿಗಳಿಗೆ ಇದು ಸಾಕು. ಆದರೆ ಕೆಟ್ಟುನಿಂತ ಯಂತ್ರದ ಮಾಲೀಕರು ತಿಳಿಯಬಯಸುವುದು ಬೇರೆ: ಯಂತ್ರ ಎಷ್ಟು ನಿಖರವಾಗಿ ಕತ್ತರಿಸುತ್ತದೆ, ಏನಾದರೂ ತಪ್ಪಿದಾಗ ಹೇಗೆ ನಿಲ್ಲುತ್ತದೆ, ನಾಳೆ ಕೆಟ್ಟರೆ ಸರಿಪಡಿಸುವವರು ಯಾರು. ಈ ಪ್ರಶ್ನೆಗಳಿಗೆ ಕಣ್ಣೆದುರಿನ ಉತ್ತರ ಸಿಗದ ಪ್ರಾತ್ಯಕ್ಷಿಕೆಯಿಂದ ಅವರಿಗೆ ಅರ್ಧ ದಿನದ ಕೆಲಸ ಹಾಳಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ.

ಯಂತ್ರದ ಗಾತ್ರ ಮುಖ್ಯವಲ್ಲ. ಮೇಜಿನ ಮೇಲಿಡಬಹುದಾದ ಮೂರು ಅಕ್ಷಗಳ ಸಣ್ಣ ಮಿಲ್ಲಿಂಗ್ ಯಂತ್ರವೂ ಆಗಬಹುದು. ಸಾಧ್ಯವಿದ್ದಲ್ಲಿ ಮಾತ್ರ, ನವೀಕರಿಸಿದ ಹಳೆಯ ಯಂತ್ರವು ಇರುವ ಘಟಕಕ್ಕೇ ವೀಕ್ಷಕರನ್ನು ಕರೆದೊಯ್ಯುವುದು ಎಲ್ಲಕ್ಕಿಂತ ಮೇಲು. ಭಾರೀ ಯಂತ್ರವನ್ನು ಸಭಾಂಗಣಕ್ಕೆ ಸಾಗಿಸಿದರೆ ಅದರ ಮಟ್ಟ ತಪ್ಪುತ್ತದೆ. ಮಟ್ಟ ತಪ್ಪಿದ ಯಂತ್ರ ಕತ್ತರಿಸಿದ ಭಾಗವನ್ನು ಅಳೆದು ತಂತ್ರಾಂಶದ ಬಗ್ಗೆ ತೀರ್ಪು ನೀಡಲಾಗದು.

ಗಣಕಯಂತ್ರದ ಆಯ್ಕೆ ಮತ್ತು ವಿಳಂಬ ಪರೀಕ್ಷೆ

ಕಚೇರಿ ಕೆಲಸಕ್ಕೆ ಬಳಸುವ ಗಣಕಯಂತ್ರವು ಒಂದು ಕ್ಷಣ ತಡಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಯಂತ್ರ ನಿಯಂತ್ರಣದಲ್ಲಿ ಹಾಗಲ್ಲ. ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ ಮತ್ತು ಅದರ ಡ್ರೈವ್ ಪ್ರತಿ ಹೆಜ್ಜೆಯನ್ನು 10 ಭಾಗ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಂದು ಸುತ್ತಿಗೆ 2000 ಸ್ಪಂದಗಳು ಬೇಕು. ಬಾಲ್‌ಸ್ಕ್ರೂವಿನ ಪಿಚ್ 5 ಮಿ.ಮೀ. ಆದರೆ ಪ್ರತಿ ಮಿ.ಮೀ. ಚಲನೆಗೆ 400 ಸ್ಪಂದಗಳಾಯಿತು. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಮಿ.ಮೀ. ಚಲಿಸಲು ಸೆಕೆಂಡಿಗೆ 20,000 ಸ್ಪಂದಗಳನ್ನು ಕಳುಹಿಸಬೇಕು. 50 ಮೈಕ್ರೊಸೆಕೆಂಡಿಗೆ ಒಂದರಂತೆ. ಗಣಕಯಂತ್ರವು ನಡುವೆ 100 ಮೈಕ್ರೊಸೆಕೆಂಡು ಬೇರೆ ಕೆಲಸಕ್ಕೆ ತಿರುಗಿದರೂ ಸ್ಪಂದಗಳ ಲಯ ಕೆಟ್ಟು ಮೋಟಾರು ಹೆಜ್ಜೆ ತಪ್ಪಬಹುದು. ಎನ್‌ಕೋಡರ್ ಇಲ್ಲದ ಯಂತ್ರದಲ್ಲಿ ಹಾಗೆ ಹೆಜ್ಜೆ ತಪ್ಪಿದ್ದು ತಂತ್ರಾಂಶದ ಅರಿವಿಗೇ ಬರುವುದಿಲ್ಲ. ಭಾಗ ಮಾತ್ರ ಕೆಟ್ಟಿರುತ್ತದೆ.

ಈ ಕಾರಣಕ್ಕಾಗಿ ಲಿನಕ್ಸ್‌ಸಿಎನ್‌ಸಿ ತಂತ್ರಾಂಶವು ರಿಯಲ್‌ಟೈಮ್ ಎಂದು ಕರೆಯಲಾಗುವ ವಿಶೇಷ ಬಗೆಯ ಲಿನಕ್ಸ್ ಕರ್ನೆಲ್ ಮೇಲೆ ನಡೆಯುತ್ತದೆ. ಈ ಪೈಕಿ ‘ಪ್ರಿಯೆಂಪ್ಟ್ ಆರ್‌ಟಿ’ ಎಂಬ ವ್ಯವಸ್ಥೆಯು 2024ರಲ್ಲಿ ಲಿನಕ್ಸ್‌ನ ಮುಖ್ಯ ಕರ್ನೆಲ್‌ಗೇ ಸೇರ್ಪಡೆಯಾಯಿತು. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರ ಸಂಗ್ರಹದಲ್ಲಿ ಲಿನಕ್ಸ್‌ಸಿಎನ್‌ಸಿ ಕೂಡ ಸೇರಿದೆ. ಹೀಗಾಗಿ ಸ್ಥಾಪನೆಯು ಮೊದಲಿನಷ್ಟು ಕಷ್ಟವಲ್ಲ. ಆದರೆ ಎಲ್ಲ ಗಣಕಯಂತ್ರಗಳೂ ಈ ಕೆಲಸಕ್ಕೆ ಯೋಗ್ಯವಲ್ಲ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ವಿಳಂಬ ಕಡಿಮೆ ಇರುವುದಿಲ್ಲ. ತಂತ್ರಾಂಶದೊಡನೆ ಬರುವ ವಿಳಂಬ ಪರೀಕ್ಷೆಯನ್ನು ನಡೆಸಿಯೇ ತಿಳಿಯಬೇಕು. ಪರೀಕ್ಷೆ ನಡೆಯುತ್ತಿರುವಾಗ ದೊಡ್ಡ ಕಡತಗಳನ್ನು ನಕಲು ಮಾಡುತ್ತ, ಕಿಟಕಿಗಳನ್ನು ಸರಿಸುತ್ತ, ಸಂಗೀತ ನುಡಿಸುತ್ತ ಗಣಕಯಂತ್ರಕ್ಕೆ ಬೇಕೆಂದೇ ಹೊರೆ ಹಾಕಬೇಕು, ಮತ್ತು ಕನಿಷ್ಠ ಕೆಲವು ಗಂಟೆಗಳ ಕಾಲ ನಡೆಯಲು ಬಿಡಬೇಕು. ಗರಿಷ್ಠ ವಿಳಂಬವು 15ರಿಂದ 20 ಮೈಕ್ರೊಸೆಕೆಂಡಿಗಿಂತ ಕಡಿಮೆ ಇದ್ದರೆ ಸ್ಪಂದಗಳನ್ನು ತಂತ್ರಾಂಶದಿಂದಲೇ ಕಳುಹಿಸಬಹುದು. 30ರಿಂದ 50 ಇದ್ದರೂ ನಡೆಯುತ್ತದೆ, ವೇಗ ಕಡಿಮೆಯಾಗುತ್ತದೆ. 100 ದಾಟಿದರೆ ಆ ವಿಧಾನವನ್ನು ಬಿಟ್ಟು, ಸ್ಪಂದಗಳನ್ನು ತಾನೇ ತಯಾರಿಸುವ ಪ್ರತ್ಯೇಕ ಕಾರ್ಡನ್ನು ಬಳಸುವುದು ಅನಿವಾರ್ಯ. ಎತರ್‌ನೆಟ್ ಮೂಲಕ ಜೋಡಿಸುವ ಮೆಸಾ ಕಾರ್ಡುಗಳು ಈ ಬಗೆಯವು. ಅಂತಹ ಕಾರ್ಡು ಇದ್ದಲ್ಲಿ ಗಣಕಯಂತ್ರವು ಸಾಮಾನ್ಯವಾಗಿ 1 ಮಿಲಿಸೆಕೆಂಡಿಗೊಮ್ಮೆ ಆದೇಶ ನೀಡಿದರೆ ಸಾಕು. ವಿಳಂಬವು 1 ಮಿಲಿಸೆಕೆಂಡನ್ನೂ ಮೀರುವ ಗಣಕಯಂತ್ರವನ್ನು ಯಾವ ವಿಧಾನಕ್ಕೂ ಬಳಸತಕ್ಕದ್ದಲ್ಲ.

ಲ್ಯಾಪ್‌ಟಾಪ್‌ಗಳು ವಿದ್ಯುತ್ ಉಳಿತಾಯಕ್ಕಾಗಿ ತಮ್ಮಷ್ಟಕ್ಕೆ ತಾವೇ ವೇಗ ಬದಲಿಸುವುದರಿಂದ ನಿಜವಾದ ಯಂತ್ರ ನಡೆಸಲು ಸಾಮಾನ್ಯವಾಗಿ ತಕ್ಕವಲ್ಲ. ಸಾಗಿಸಲು ಅನುಕೂಲವೆಂದು ಪ್ರಾತ್ಯಕ್ಷಿಕೆಗೆ ಅದನ್ನೇ ತರುವ ಆಸೆ ಸಹಜ, ಬಿಡುವುದು ಲೇಸು.

ಪರೀಕ್ಷೆ ಮುಗಿದ ಗಣಕಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಸ್ವಯಂಚಾಲಿತ ಪರಿಷ್ಕರಣೆಗಳನ್ನು ನಿಲ್ಲಿಸಿಡಬೇಕು. ಹಿಂದಿನ ರಾತ್ರಿ ಕರ್ನೆಲ್ ಬದಲಾಗಿ, ಬೆಳಿಗ್ಗೆ ಸಾಮಾನ್ಯ ಕರ್ನೆಲ್‌ನೊಂದಿಗೆ ಗಣಕಯಂತ್ರ ಆರಂಭವಾದರೆ ಸಭೆಯ ಮುಂದೆ ಕಾಣುವುದು ವಿಳಂಬದ ದೋಷಸಂದೇಶ ಮಾತ್ರ. ಡಿಸ್ಕ್‌ನ ಯಥಾಪ್ರತಿಯೊಂದನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು.

ತುರ್ತು ನಿಲುಗಡೆ ಮತ್ತು ವೀಕ್ಷಕರ ಸುರಕ್ಷತೆ

ಈ ಭಾಗದಲ್ಲಿ ರಿಯಾಯಿತಿಗೆ ಅವಕಾಶವಿಲ್ಲ. ತುರ್ತು ನಿಲುಗಡೆಯ ಗುಂಡಿಯನ್ನು ತಂತ್ರಾಂಶದ ಮೂಲಕ ಮಾತ್ರ ಕೆಲಸ ಮಾಡುವಂತೆ ಜೋಡಿಸಿರುವ ಯಂತ್ರವನ್ನು ಸಾರ್ವಜನಿಕರ ಮುಂದೆ ಚಾಲನೆ ಮಾಡಬಾರದು. ಗುಂಡಿಯು ನೇರ ತಂತಿಯ ಮೂಲಕ ಕಾಂಟ್ಯಾಕ್ಟರನ್ನು ಬಿಡಿಸಿ ಸ್ಪಿಂಡಲ್ ಮತ್ತು ಮೋಟಾರುಗಳ ವಿದ್ಯುತ್ತನ್ನು ಕಡಿಯಬೇಕು. ಅಥವಾ ಐಇಸಿ 60204-1 ಮಾನಕದ ಪ್ರವರ್ಗ 1ರಂತೆ, ನಿಯಂತ್ರಿತವಾಗಿ ನಿಲ್ಲಿಸಿದ ಬಳಿಕ ವಿದ್ಯುತ್ತನ್ನು ಕಡಿಯಬೇಕು. ಗುಂಡಿ ಒತ್ತಿದ ಸಂಗತಿಯನ್ನು ತಂತ್ರಾಂಶಕ್ಕೆ ತಿಳಿಸುವುದು ಅಗತ್ಯವೇ ಆದರೂ ನಿಲ್ಲಿಸುವ ಹೊಣೆ ಅದರದಲ್ಲ. ಗುಂಡಿಯನ್ನು ಮೇಲೆತ್ತಿದ ಮಾತ್ರಕ್ಕೆ ಯಂತ್ರ ಪುನಃ ಚಲಿಸತೊಡಗಬಾರದು. ಪ್ರತ್ಯೇಕ ಆದೇಶ ನೀಡಿದ ನಂತರವೇ ಚಲಿಸಬೇಕು. ಮಿತಿ ಸ್ವಿಚ್ಚುಗಳನ್ನು ಸದಾ ಮುಚ್ಚಿದ ಸಂಪರ್ಕದ ಬಗೆಯಲ್ಲಿ ಜೋಡಿಸಿದರೆ ತಂತಿ ತುಂಡಾದಾಗಲೂ ಯಂತ್ರ ನಿಲ್ಲುತ್ತದೆ.

ಪ್ಯಾರಲಲ್ ಪೋರ್ಟ್ ಬಳಸುವ ಹಳೆಯ ವಿಧಾನದಲ್ಲಿ ಮತ್ತೊಂದು ಅಪಾಯವಿದೆ. ಗಣಕಯಂತ್ರ ಆರಂಭವಾಗುವ ಕೆಲವು ಸೆಕೆಂಡುಗಳಲ್ಲಿ ಆ ಪೋರ್ಟಿನ ಪಿನ್ನುಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂದು ಹೇಳಲಾಗದು. ರಿಲೇ ತಾನಾಗಿ ಸೇರಿ ಸ್ಪಿಂಡಲ್ ತಿರುಗಿಬಿಡಬಹುದು. ಇದನ್ನು ತಡೆಯಲು ಚಾರ್ಜ್ ಪಂಪ್ ಎಂಬ ಮಂಡಲವನ್ನು ಬಳಸಲಾಗುತ್ತದೆ. ತಂತ್ರಾಂಶವು ಜೀವಂತವಾಗಿದ್ದು ನಿರಂತರ ಸ್ಪಂದಗಳನ್ನು ಕಳುಹಿಸುತ್ತಿರುವವರೆಗೆ ಮಾತ್ರ ಅದು ಉಪಕರಣಗಳಿಗೆ ಚಾಲನೆಯ ಅನುಮತಿ ನೀಡುತ್ತದೆ. ಎತರ್‌ನೆಟ್ ಕಾರ್ಡುಗಳಲ್ಲಿ ವಾಚ್‌ಡಾಗ್ ಎಂಬ ವ್ಯವಸ್ಥೆ ಇದೇ ಕೆಲಸ ಮಾಡುತ್ತದೆ.

ವೀಕ್ಷಕರು ಮತ್ತು ಕತ್ತರಿಸುವ ಉಪಕರಣದ ನಡುವೆ ಪಾಲಿಕಾರ್ಬೊನೇಟ್ ಹಾಳೆಯ ತಡೆ ಇರಬೇಕು. ನೋಡಲು ಒಂದೇ ರೀತಿ ಇರುವ ಅಕ್ರಿಲಿಕ್ ಹಾಳೆ ಪೆಟ್ಟಿಗೆ ಚೂರಾಗುತ್ತದೆ, ಆದುದರಿಂದ ಅದು ಸಲ್ಲದು. ಚಾಲಕನು ಕೈಗವಸು ಧರಿಸಿ ತಿರುಗುವ ಸ್ಪಿಂಡಲ್ ಬಳಿ ಕೈಯಿಡಬಾರದು. ಇಳಿಬಿದ್ದ ಸೆರಗು, ದುಪಟ್ಟಾ, ಪಂಚೆಯ ಚುಂಗು, ಬಿಚ್ಚಿದ ಕೂದಲು ಇವುಗಳೊಂದಿಗೆ ಯಾರೂ ತಡೆಯ ಒಳಗೆ ಬರಬಾರದು. ಉದ್ಘಾಟಕರಿಗೆ ಹಾರ ಹಾಕಿ, ಶಾಲು ಹೊದಿಸಿ, ಆಮೇಲೆ ಯಂತ್ರದ ಗುಂಡಿ ಒತ್ತಲು ಕರೆತರುವ ರೂಢಿ ನಮ್ಮಲ್ಲಿದೆ. ಸನ್ಮಾನವನ್ನು ಚಾಲನೆಯ ನಂತರಕ್ಕೆ ಇರಿಸಿಕೊಂಡರೆ ಇಬ್ಬರಿಗೂ ಕ್ಷೇಮ.

ಏನನ್ನು ಕತ್ತರಿಸಿ ತೋರಿಸಬೇಕು

ವೀಕ್ಷಕರ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಫಲಕದ ಮೇಲೆ ಕೆತ್ತಿಕೊಡುವುದು ಜನಪ್ರಿಯ, ಮತ್ತು ಮಕ್ಕಳಿದ್ದಲ್ಲಿ ಅದು ಇರಲಿ. ಆದರೆ ಅಕ್ಷರದ ಕೆತ್ತನೆಯಲ್ಲಿ ಅರ್ಧ ಮಿ.ಮೀ. ತಪ್ಪಾದರೂ ಕಣ್ಣಿಗೆ ಕಾಣದು. ಯಂತ್ರ ಬಲ್ಲವರಿಗೆ ಅಳೆಯಬಹುದಾದ ಭಾಗವನ್ನು ಕತ್ತರಿಸಿ ಕೊಡಬೇಕು. ವೃತ್ತ, ವಜ್ರ ಮತ್ತು ಚೌಕ ಒಂದರ ಮೇಲೊಂದಿರುವ, ಎನ್‌ಎಎಸ್ 979 ಎಂಬ ಮಾನಕದಿಂದ ಪ್ರಸಿದ್ಧವಾದ ಪರೀಕ್ಷಾ ಭಾಗವು ಇದಕ್ಕೆ ಸೂಕ್ತ. ಚೌಕವು ಅಕ್ಷಗಳ ಲಂಬತೆಯನ್ನು ತೋರಿಸಿದರೆ, ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಬಿಂದುಗಳಲ್ಲಿ ವೃತ್ತದ ಮೇಲೆ ಬೀಳುವ ಗುರುತುಗಳು ಬ್ಯಾಕ್‌ಲ್ಯಾಶನ್ನು ಬಯಲು ಮಾಡುತ್ತವೆ. ಸಣ್ಣ ಯಂತ್ರಕ್ಕೆ ಅಲ್ಯೂಮಿನಿಯಂ ಸಾಕು. ಮೈಕ್ರೊಮೀಟರನ್ನು ವೀಕ್ಷಕರ ಕೈಗೇ ಕೊಟ್ಟು ಅಳೆಯಲು ಹೇಳಬೇಕು. ಬಂದ ಅಳತೆಯನ್ನು, ಅದು ಚೆನ್ನಾಗಿರಲಿ ಇಲ್ಲದಿರಲಿ, ಫಲಕದ ಮೇಲೆ ಬರೆಯಬೇಕು.

ಮುಕ್ತ ತಂತ್ರಾಂಶದ ನಿಜವಾದ ವಿಶೇಷವನ್ನು ತೋರಿಸಲು ಬ್ಯಾಕ್‌ಲ್ಯಾಶ್ ಪ್ರಯೋಗಕ್ಕಿಂತ ಉತ್ತಮವಾದುದು ವಿರಳ. ಮೇಜಿಗೆ ಡಯಲ್ ಗೇಜ್ ತಾಗಿಸಿ, ಒಂದೇ ದಿಕ್ಕಿನಲ್ಲಿ ಸರಿಸಿ ಸೊನ್ನೆಗೆ ತಂದು, ವಿರುದ್ಧ ದಿಕ್ಕಿಗೆ 1 ಮಿ.ಮೀ. ಆದೇಶ ನೀಡಬೇಕು. ಗೇಜ್ 0.96 ತೋರಿಸಿತೆಂದರೆ 0.04 ಮಿ.ಮೀ. ಸಡಿಲವಿದೆ ಎಂದಾಯಿತು. ನಂತರ ಯಂತ್ರದ ಸಂರಚನಾ ಕಡತವನ್ನು ಎಲ್ಲರೆದುರು ತೆರೆಯಬೇಕು. ಅದು ಸಾಮಾನ್ಯ ಪಠ್ಯ ಕಡತ; ಗುಪ್ತಪದವಿಲ್ಲ, ಸೇವಾ ಇಂಜಿನಿಯರ್ ಬರುವವರೆಗೆ ಕಾಯಬೇಕಿಲ್ಲ. ಆ ಅಕ್ಷದ ಬ್ಯಾಕ್‌ಲ್ಯಾಶ್ ಸಾಲಿನಲ್ಲಿ 0.04 ಎಂದು ಬರೆದು, ತಂತ್ರಾಂಶವನ್ನು ಪುನಃ ಆರಂಭಿಸಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಇಷ್ಟರ ಜೊತೆಗೆ ಒಂದು ಮಾತನ್ನು ಮರೆಮಾಚದೆ ಹೇಳತಕ್ಕದ್ದು: ಇದು ಸವೆದ ಸ್ಕ್ರೂವಿಗೆ ಚಿಕಿತ್ಸೆಯಲ್ಲ. ಕತ್ತರಿಸುವ ಬಲವು ಮೇಜನ್ನು ಎಳೆಯುವಾಗ ಸಡಿಲವು ಮತ್ತೆ ಪ್ರಕಟವಾಗುತ್ತದೆ.

ಕೊನೆಯದಾಗಿ ವೈಫಲ್ಯವನ್ನೂ ತೋರಿಸಬೇಕು. ಉಪಕರಣವಿಲ್ಲದ ಸ್ಪಿಂಡಲ್ಲಿನೊಂದಿಗೆ ಕಾರ್ಯಕ್ರಮ ನಡೆಯುತ್ತಿರುವಾಗ ಎತರ್‌ನೆಟ್ ತಂತಿಯನ್ನು ಕಿತ್ತು, ವಾಚ್‌ಡಾಗ್‌ನಿಂದ ಯಂತ್ರ ನಿಲ್ಲುವುದನ್ನು ತೋರಿಸಬಹುದು. ಸರ್ವೊ ಮೋಟಾರುಗಳಿದ್ದಲ್ಲಿ, ಆದೇಶಿಸಿದ ಸ್ಥಾನಕ್ಕೂ ನಿಜಸ್ಥಾನಕ್ಕೂ ಇರುವ ಅಂತರವು ಮಿತಿ ಮೀರಿದಾಗ ತಂತ್ರಾಂಶವು ಯಂತ್ರವನ್ನು ನಿಲ್ಲಿಸುವ ರೀತಿಯನ್ನು, ತಂತ್ರಾಂಶದಲ್ಲೇ ಇರುವ ಹಾಲ್‌ಸ್ಕೋಪ್ ಎಂಬ ಪರದೆಯ ಮೇಲೆ ರೇಖೆಗಳಾಗಿ ತೋರಿಸಬಹುದು. ಮುಚ್ಚಿದ ನಿಯಂತ್ರಕದಲ್ಲಿ ಕೇವಲ ದೋಷಸಂಖ್ಯೆ ಕಂಡವರಿಗೆ ಕಾರಣವೇ ಕಣ್ಣೆದುರು ಕಾಣುವುದು ಹೊಸ ಅನುಭವ. ಇವೆಲ್ಲವನ್ನೂ ಹಿಂದಿನ ದಿನ ಅದೇ ಸ್ಥಳದಲ್ಲಿ, ಅದೇ ವಿದ್ಯುತ್ತಿನಲ್ಲಿ ಒಮ್ಮೆಯಾದರೂ ಪೂರ್ತಿಯಾಗಿ ನಡೆಸಿ ನೋಡಿರಬೇಕು.

ಸ್ಥಳ ಮತ್ತು ವಿದ್ಯುತ್

ಸಭಾಂಗಣಗಳಲ್ಲಿ ಮೂರು ಫೇಸ್ ವಿದ್ಯುತ್ ದೊರೆಯದಿರಬಹುದು. ಸುಮಾರು 2.2 ಕಿಲೊವ್ಯಾಟ್‌ವರೆಗಿನ ಸ್ಪಿಂಡಲ್‌ಗೆ ಒಂದೇ ಫೇಸ್‌ನಿಂದ ಕೆಲಸ ಮಾಡುವ ವಿ.ಎಫ್.ಡಿ. ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ವಿ.ಎಫ್.ಡಿ.ಯಿಂದ ಸೋರುವ ವಿದ್ಯುತ್ತಿಗೆ ಸಭಾಂಗಣದ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಬಿದ್ದುಹೋಗುವುದುಂಟು. ಆಗ ಅದನ್ನು ಬೈಪಾಸ್ ಮಾಡುವುದು ಪ್ರಾಣಾಪಾಯಕರ, ವಿ.ಎಫ್.ಡಿ.ಗೆ ತಕ್ಕ ಬಗೆಯ ರಕ್ಷಣೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಮುಂಚಿತವಾಗಿ ಮಾಡಿಸಿಕೊಳ್ಳತಕ್ಕದ್ದು. ಅರ್ಥಿಂಗ್ ಸರಿಯಿಲ್ಲದಿದ್ದರೆ ವಿ.ಎಫ್.ಡಿ.ಯ ವಿದ್ಯುತ್ ಗದ್ದಲವು ಮಿತಿ ಸ್ವಿಚ್ಚಿನ ತಂತಿಗಳಲ್ಲಿ ಸೇರಿ ಯಂತ್ರ ವಿನಾಕಾರಣ ನಿಲ್ಲುತ್ತದೆ. ಗಣಕಯಂತ್ರಕ್ಕೆ ಯು.ಪಿ.ಎಸ್. ಇರಲಿ. ಲಂಬವಾದ ಅಕ್ಷಕ್ಕೆ ಬ್ರೇಕ್ ಇಲ್ಲದಿದ್ದರೆ ವಿದ್ಯುತ್ ಹೋದ ಕೂಡಲೇ ಸ್ಪಿಂಡಲ್ ಕೆಳಗೆ ಕುಸಿಯಬಹುದೆಂಬುದನ್ನು ಮೊದಲೇ ಪರಿಶೀಲಿಸಬೇಕು.

ಅರ್ಜಿ ಸಲ್ಲಿಸುವ ಬಗ್ಗೆ

ಸರ್ಕಾರಿ ತರಬೇತಿ ಸಂಸ್ಥೆಯ ಕಾರ್ಯಾಗಾರ ಅಥವಾ ಸಭಾಂಗಣವನ್ನು ಬಳಸಲು ಇಚ್ಛಿಸುವವರು ಸಂಬಂಧಪಟ್ಟ ಸಂಸ್ಥೆಯ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಬೇಕು. ತಾತ್ಕಾಲಿಕ ವಿದ್ಯುತ್ ಸಂಪರ್ಕ ಬೇಕಾದಲ್ಲಿ ಆಯಾ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯನ್ನು, ಸಾರ್ವಜನಿಕ ಮೈದಾನವಾದಲ್ಲಿ ಸ್ಥಳೀಯ ಸಂಸ್ಥೆ ಮತ್ತು ಪೊಲೀಸ್ ಠಾಣೆಯನ್ನು ಪ್ರತ್ಯೇಕವಾಗಿ ಕೋರತಕ್ಕದ್ದು. ಮನವಿಯಲ್ಲಿ ‘ತಂತ್ರಾಂಶ ಪ್ರದರ್ಶನ’ ಎಂದಷ್ಟೇ ಬರೆದರೆ ಪರಿಶೀಲಿಸುವ ಅಧಿಕಾರಿಗೆ ಪರದೆ ಮತ್ತು ಕುರ್ಚಿಗಳ ಕಲ್ಪನೆ ಮಾತ್ರ ಬರುತ್ತದೆ. ಆದ್ದರಿಂದ ಈ ಕೆಳಕಂಡ ವಿವರಗಳನ್ನು ಲಗತ್ತಿಸುವುದು ಸೂಕ್ತ:

1. ಯಂತ್ರದ ಬಗೆ, ತೂಕ, ಅದು ಆಕ್ರಮಿಸುವ ಜಾಗ ಹಾಗೂ ಚಲಿಸುವ ಭಾಗಗಳ ವ್ಯಾಪ್ತಿ.
2. ಬೇಕಾದ ವಿದ್ಯುತ್ ಹೊರೆ, ಫೇಸ್ ಮತ್ತು ಅರ್ಥಿಂಗ್ ವ್ಯವಸ್ಥೆ.
3. ತುರ್ತು ನಿಲುಗಡೆಯ ಮಂಡಲದ ಸರಳ ನಕ್ಷೆ ಮತ್ತು ವೀಕ್ಷಕರ ತಡೆಯ ವಿವರ.
4. ಕತ್ತರಿಸುವ ವಸ್ತು, ಬಳಸುವ ಕೂಲೆಂಟ್ ಮತ್ತು ಚೂರುಗಳ ವಿಲೇವಾರಿ.
5. ಯಂತ್ರ ಚಾಲನೆಯ ಹೊಣೆ ಹೊತ್ತ ವ್ಯಕ್ತಿಯ ಹೆಸರು ಮತ್ತು ಅನುಭವ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿರುವುದನ್ನು ಕೆಲವರು ಮನವಿಗಳಲ್ಲಿ ಉಲ್ಲೇಖಿಸಲು ಬಯಸಬಹುದು. ಆ ನೀತಿಯು ಸರ್ಕಾರಿ ಇ-ಆಡಳಿತ ವ್ಯವಸ್ಥೆಗಳಿಗೆ ಸಂಬಂಧಿಸಿದ್ದು, ಖಾಸಗಿ ಕಾರ್ಯಾಗಾರದ ಯಂತ್ರಗಳಿಗೆ ಅನ್ವಯಿಸುವುದಿಲ್ಲ.

ಪರವಾನಗಿ ಮತ್ತು ಪ್ರತಿಗಳ ವಿತರಣೆ

ಲಿನಕ್ಸ್‌ಸಿಎನ್‌ಸಿ ಮುಖ್ಯವಾಗಿ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಗೆ ಒಳಪಟ್ಟಿದೆ. ಅದನ್ನು ಬಳಸಲು, ಬದಲಿಸಲು, ನಕಲು ಮಾಡಿ ಹಂಚಲು ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ. ವೀಕ್ಷಕರಿಗೆ ಪೆನ್‌ಡ್ರೈವ್‌ನಲ್ಲಿ ಪ್ರತಿ ನೀಡುವ ಸಂಘಟಕರು ಅದರೊಂದಿಗೆ ಆಕರ ಸಂಕೇತವನ್ನೂ ನೀಡಬೇಕು, ಇಲ್ಲವೇ ಕೇಳಿದಲ್ಲಿ ಒದಗಿಸುವುದಾಗಿ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರುವ ಲಿಖಿತ ಭರವಸೆಯನ್ನು ಕೊಡಬೇಕು. ಎರಡನ್ನೂ ಒಟ್ಟಿಗೆ ಪೆನ್‌ಡ್ರೈವ್‌ಗೆ ಹಾಕುವುದೇ ಸುಲಭ. ಪ್ರದರ್ಶಿಸಿದ ಯಂತ್ರದ ಸಂರಚನಾ ಕಡತಗಳನ್ನೂ ಸೇರಿಸಿದರೆ ವೀಕ್ಷಕರಿಗೆ ಹೆಚ್ಚು ಉಪಯುಕ್ತ.

ಪರವಾನಗಿಯು ಯಾವುದೇ ಖಾತರಿಯನ್ನು ನೀಡುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ತಿಳಿಸತಕ್ಕದ್ದು. ತಂತ್ರಾಂಶ ಉಚಿತವಾದರೂ ಡ್ರೈವ್, ಕಾರ್ಡು, ತಂತಿ ಜೋಡಣೆ ಮತ್ತು ತಂತ್ರಜ್ಞರ ಶ್ರಮ ಉಚಿತವಲ್ಲ. ಯಂತ್ರದ ಸುರಕ್ಷತೆಯ ಹೊಣೆ ಅದನ್ನು ಅಳವಡಿಸಿದವರ ಮತ್ತು ಮಾಲೀಕರ ಮೇಲಿರುತ್ತದೆ. ‘ಕೆಟ್ಟರೆ ಯಾರನ್ನು ಕರೆಯಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಜಿಲ್ಲೆಯಲ್ಲಿ ಈ ಕೆಲಸ ಬಲ್ಲವರು ಇದ್ದರೆ ಅವರನ್ನು ಸಭೆಗೆ ಕರೆದು ಪರಿಚಯಿಸಬೇಕು. ಯಾರೂ ಇಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು. ಒಂದೇ ಯಂತ್ರದ ಮೇಲೆ ದುಡಿಮೆ ನಿಂತಿರುವ ಘಟಕಕ್ಕೆ ಆ ಉತ್ತರವು ನಿಖರತೆಯ ಅಂಕಿಗಳಷ್ಟೇ ಮುಖ್ಯ.

ಪ್ರಾತ್ಯಕ್ಷಿಕೆಯ ನಂತರ ಪ್ರತಿಯೊಬ್ಬ ವೀಕ್ಷಕರಿಗೂ ಒಂದು ಪುಟದ ವಿವರ ನೀಡಬೇಕು. ಬಳಸಿದ ಗಣಕಯಂತ್ರ ಮತ್ತು ಅದರ ಗರಿಷ್ಠ ವಿಳಂಬ, ಕಾರ್ಡು ಹಾಗೂ ಡ್ರೈವ್‌ಗಳ ಬಗೆ, ತಂತ್ರಾಂಶದ ಆವೃತ್ತಿ, ಅಂದು ಅಳೆದ ಭಾಗದ ಅಳತೆಗಳು, ಮತ್ತು ಯಂತ್ರಕ್ಕೆ ನಿಜವಾಗಿ ತಗುಲಿದ ವೆಚ್ಚ ಅದರಲ್ಲಿರಲಿ. ತಮ್ಮ ಘಟಕದ ಯಂತ್ರವನ್ನು ನವೀಕರಿಸಲು ಆಲೋಚಿಸುತ್ತಿರುವವರು ಈ ಪುಟದೊಂದಿಗೆ ತಮ್ಮ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ, ಆ ಸಮಯದಲ್ಲಿ ಜಾರಿಯಲ್ಲಿರುವ ಯೋಜನೆಗಳ ಬಗ್ಗೆ ವಿಚಾರಿಸಬಹುದು.